ಅಂಗೈ ಮೇಲಿನ ಬೆಳಕು, ಮ್ಯಾಲಿನ ಖಾಲಿ ಮನಿ

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಮನೆಯ ಮೇಲಿನ ಭಾಗ ಖಾಲಿಯಾಯ್ತು. ಗೇಟಿಗೆ ಬೋರ್ಡು ತೂಗುಹಾಕಿದ ಮೂರನೇ ದಿನ ಒಬ್ಬ ಹುಡುಗ ಬಂದ. ಉದ್ಯಮಬಾಗದ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವನು ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಬೈಕ್ ಎಲ್ಲಿ ನಿಲ್ಲಿಸೋದು ಅಂತೆಲ್ಲ ವಿಚಾರಿಸಿದ. ನಂಗೆ ಹಿಡಿಸಿದ. ಇಂಥ ಪ್ರಶ್ನೆ ಕೇಳೋರು ಬಾಡಿಗೆಯನ್ನೂ ಸರಿಯಾಗಿ ಕೊಡ್ತಾರೆ.

ಅಪ್ಪ ಚಹಾ ಕೊಡಿಸಿದರು. ಆಮೇಲೆ ಮೆಲ್ಲಗೆ, "ತಮ್ಮಾ, ನೀವು ಯಾವ ಪೈಕಿ?"

"ಡೋರ ಸಮಾಜ್ರಿ ಕಾಕಾ. ಕಕ್ಕಯ್ಯನ ಪೈಕಿ."

"ಹೌದಾ... ಆತು, ಮನ್ಯಾಗ ಕೇಳಿ ಫೋನ್ ಮಾಡ್ತೀನಿ."

ಸಂಜೆ ಫೋನ್ ಮಾಡಿದರು. ನಮ್ಮ ಸಂಬಂಧಿಕರ ಹುಡುಗನೇ ಬರಾಕತ್ತಾನ, ಬ್ಯಾಸರ ಮಾಡ್ಕೋಬ್ಯಾಡ್ರಿ ಅಂದರು. ಅಂಥ ಹುಡುಗ ಯಾರೂ ಇರಲಿಲ್ಲ. ನಾನು ಎರಡೇ ಹೆಜ್ಜೆ ದೂರದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಕಿವಿಯಲ್ಲಿ ಇಯರ್‌ಫೋನ್ ಇತ್ತು, ಆದ್ರೆ ಮೀಟಿಂಗ್ ಮುಗಿದಿತ್ತು. ಎಲ್ಲ ಕೇಳಿಸ್ತು. ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಲಿಂಗಪೂಜೆಗೆ ಕೂತರು.

ಕಪ್ಪು ಕಲ್ಲಿನಲ್ಲಿ ಒಂದು ಚುಕ್ಕಿ

ಲಿಂಗಪೂಜೆ ನೋಡದವರಿಗೆ ಒಂದೆರಡು ಮಾತು. ಎದೆಯ ಮೇಲಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಳ್ತಾರೆ. ವಿಭೂತಿ, ಹೂವು, ನೀರು ಎಲ್ಲ ಆದ ಮೇಲೆ ಕೈಯನ್ನು ಕಣ್ಣಿನ ಎದುರಿಗೆ ತಂದು ರೆಪ್ಪೆ ಅಲುಗಿಸದೆ ನೋಡುತ್ತಾ ಕೂರೋದು. ಲಿಂಗದ ಹೊರಮೈಗೆ ಕಂತಿ ಅನ್ನುವ ಕಪ್ಪು ಲೇಪ ಇರುತ್ತೆ, ಕನ್ನಡಿ ಹಾಗೆ ನುಣುಪು. ಪಕ್ಕದ ದೀಪ ಅದರಲ್ಲಿ ಒಂದು ಚುಕ್ಕಿಯಾಗಿ ಹೊಳೆಯುತ್ತೆ. ಆ ಚುಕ್ಕಿಯ ಮೇಲೆ ದೃಷ್ಟಿ ನೆಡೋದು.

ಚಿಕ್ಕವಳಿದ್ದಾಗ ನಾನು ಆಯಿಗೆ ಹೇಳಿದ್ದೆ, ಅದು ದೀಪದ ಪ್ರತಿಬಿಂಬ ಅಷ್ಟೇ ಅಂತ. ಶಾಲೆಯಲ್ಲಿ ಆಗಷ್ಟೇ ಬೆಳಕಿನ ಪಾಠ ಆಗಿತ್ತು. ಆಯಿ ನಕ್ಕು, "ದೀಪದ್ದು ಖರೇನ. ಆದ್ರ ನೋಡಾಕ ಕುಂತದ್ದು ಯಾವುದು, ಅದನ್ನ ಹೇಳು" ಅಂದಿದ್ದರು. ಉತ್ತರ ನನ್ನ ಹತ್ತಿರ ಆಗಲೂ ಇರಲಿಲ್ಲ.

ಆಯಿ ಕೇಳಿದ್ದಕ್ಕೆ ಶರಣರ ಪರಂಪರೆಯಲ್ಲಿ ಒಂದು ಹೆಸರಿದೆ: ಚಿತ್ಕಳೆ. ಹೊಲದ ಕಳೆ ಅಲ್ಲ, ಮುಖದ ಕಳೆ ಅಂತೀವಲ್ಲ, ಆ ಕಳೆ. ಅರಿವಿನ ಕಾಂತಿ. ಲಿಂಗದೀಕ್ಷೆಯಲ್ಲಿ ಮೂರು ಹಂತ. ಗುರು ಶಿಷ್ಯನ ನೆತ್ತಿಯ ಮೇಲೆ ಕೈ ಇಡೋದು ವೇಧಾದೀಕ್ಷೆ, ಕಿವಿಯಲ್ಲಿ ಮಂತ್ರ ಹೇಳೋದು ಮಂತ್ರದೀಕ್ಷೆ, ಅಂಗೈಗೆ ಲಿಂಗ ಕೊಡೋದು ಕ್ರಿಯಾದೀಕ್ಷೆ. ಗುರು ಆಕಾಶದಿಂದ ಏನನ್ನೋ ಇಳಿಸಿ ಕೊಡೋದಿಲ್ಲ. ಶಿಷ್ಯನೊಳಗೆ ಮೊದಲೇ ಇರುವ ಚಿತ್ಕಳೆಯನ್ನೇ ಎಬ್ಬಿಸಿ, ಲಿಂಗದಲ್ಲಿ ಇಟ್ಟು, ಅವನದೇ ಕೈಗೆ ವಾಪಸ್ ಕೊಡ್ತಾನೆ. ಕೈಯಲ್ಲಿರೋದು ಇಷ್ಟಲಿಂಗ, ಉಸಿರಲ್ಲಿರೋದು ಪ್ರಾಣಲಿಂಗ, ಭಾವದಲ್ಲಿರೋದು ಭಾವಲಿಂಗ, ಮೂರೂ ಒಂದೇ. ಹಾಗಾಗಿ ಒಬ್ಬರ ಲಿಂಗ ಇನ್ನೊಬ್ಬರಿಗೆ ಆಸ್ತಿಯಂತೆ ಬರೋದಿಲ್ಲ. ಆಯಿಯ ಬೆಳ್ಳಿ ಡಾಬು ನಂಗೆ ಬಂತು, ಲಿಂಗ ಮಾತ್ರ ಆಯಿಯ ಜೊತೆಗೇ ಮಣ್ಣಿಗೆ ಹೋಯ್ತು.

ಮನುಷ್ಯನೊಳಗೆ ದೇವರ ಕಿಡಿ ಇದೆ ಅನ್ನೋ ಮಾತು ನಮ್ಮೊಬ್ಬರದೇ ಅಲ್ಲ. ಕ್ರಿಸ್ತಶಕದ ಮೊದಲ ಶತಮಾನಗಳ ನಾಸ್ಟಿಕ್ ಪಂಥದವರು ಹೇಳಿದ್ದರು, ಜರ್ಮನಿಯ ಎಕಾರ್ಟ್ ಹೇಳಿದ್ದ, ಯಹೂದಿ ಅನುಭಾವಿಗಳೂ ಹೇಳಿದ್ದಾರೆ. ಆದರೆ ನಾಸ್ಟಿಕರಿಗೆ ದೇಹ ಒಂದು ಜೈಲು, ಕಿಡಿ ಅದರೊಳಗೆ ಸಿಕ್ಕಿಬಿದ್ದ ಕೈದಿ. ಕಲ್ಯಾಣದ ಶರಣರ ದಾರಿ ಬೇರೆ. ದುಡಿಯುವ ಕೈ, ಬೆವರುವ ಮೈ ಎರಡನ್ನೂ ಅವರು ಬಿಡಲಿಲ್ಲ. ಅದೇ ಕೈ ಮೇಲೆಯೇ ಕಿಡಿಯನ್ನು ತಂದಿಟ್ಟರು. ಹಾಗೆ ತಂದಿಟ್ಟಾಗ ಒಂದು ಕಷ್ಟ ಎದುರಾಗುತ್ತೆ: ಪಕ್ಕದವನ ಅಂಗೈಯಲ್ಲೂ ಅದೇ ಕಾಣುತ್ತೆ.

ಕಕ್ಕೇರಿಗೆ ಹೋದ ದಿನ

ಕಕ್ಕಯ್ಯ ಯಾರು ಅಂತ ನಂಗೆ ಗೊತ್ತಿತ್ತು, ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು. 12ನೇ ಶತಮಾನ, ಚರ್ಮ ಹದಮಾಡುವ ಕಾಯಕ, ವಚನಕಾರ. ಮಾಳವ ದೇಶದಿಂದ ಕಲ್ಯಾಣಕ್ಕೆ ಬಂದ ಅಂತ ಹೇಳಿಕೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇವರ ಮಗ ನಾನು ಅನ್ನುವ ಅರ್ಥದಲ್ಲಿ ಬಸವಣ್ಣ ಹೇಳಿಕೊಂಡದ್ದೂ ಗೊತ್ತಿತ್ತು. ಬಿಜ್ಜಳನ ಮಂತ್ರಿ ತೊಗಲು ಹದಮಾಡುವವನನ್ನು ಅಪ್ಪ ಅನ್ನೋದು ಆ ಕಾಲಕ್ಕೆ ಎಂಥ ಮಾತು ಅಂತ ಮಾತ್ರ ಯೋಚಿಸಿರಲಿಲ್ಲ. ಗೊತ್ತಿಲ್ಲದೇ ಇದ್ದದ್ದು ಇನ್ನೊಂದು: ಕಕ್ಕಯ್ಯ ಕೊನೆಯುಸಿರೆಳೆದದ್ದು ನಮ್ಮದೇ ಜಿಲ್ಲೆಯಲ್ಲಿ, ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಅಂತ ಜನ ನಂಬುತ್ತಾರೆ. ಊರಿನ ಹೆಸರಿಗೂ ಅವನದೇ ಹೆಸರನ್ನು ಕಾರಣ ಹೇಳ್ತಾರೆ.

ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಗಿ, ಅಪ್ಪಂದಿರಿಬ್ಬರಿಗೂ ಮರಣದಂಡನೆಯಾಗಿ, ಕಲ್ಯಾಣ ಹೊತ್ತಿ ಉರಿದ ಮೇಲೆ ಚೆನ್ನಬಸವಣ್ಣನ ತಂಡ ಉಳವಿಯ ಕಾಡಿನ ಕಡೆ ಹೊರಟಿತು. ಜೊತೆಗೆ ವಚನದ ಕಟ್ಟುಗಳು, ಹಿಂದೆ ಸೈನ್ಯ. ಆ ದಾರಿಯ ಗುರುತುಗಳು ಬೆಳಗಾವಿ ಜಿಲ್ಲೆಯ ತುಂಬ ಇವೆ. ಮುಗುಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಒಡಲಲ್ಲಿ ಗಂಗಾಂಬಿಕೆಯ ಐಕ್ಯಸ್ಥಳ, ಕಕ್ಕೇರಿಯಲ್ಲಿ ಕಕ್ಕಯ್ಯನ ಸಮಾಧಿ. ಸೈನ್ಯವನ್ನು ತಡೆಯುತ್ತಾ ಇಲ್ಲೇ ಬಿದ್ದ ಅನ್ನೋದು ಜನರ ನೆನಪು. ಆ ಕಟ್ಟುಗಳಲ್ಲಿ ಉಳಿದದ್ದರಿಂದಲೇ ಮುಂದೆ ಫ.ಗು. ಹಳಕಟ್ಟಿ ಅಂಥವರಿಗೆ ಆರಿಸಿ ಅಚ್ಚುಹಾಕಲು ಏನಾದರೂ ಸಿಕ್ಕಿತು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದೂ ಬೆಳಗಾವಿಯಲ್ಲೇ.

ಒಂದು ಶನಿವಾರ ಸ್ಕೂಟರ್ ತಗೊಂಡು ಹೊರಟೆ. ಖಾನಾಪುರ ದಾಟಿ ಬೀಡಿ ಕಡೆ ತಿರುಗಿದರೆ ಸಾಕು, ಪೇಟೆಯ ಗದ್ದಲ ಹಿಂದೆ ಉಳಿಯುತ್ತೆ. ಕಕ್ಕೇರಿ ಅಂದ್ರೆ ಹೆಚ್ಚಿನವರಿಗೆ ನೆನಪಾಗೋದು ದಸರಾ ಹೊತ್ತಿನ ಭಿಷ್ಟಾದೇವಿ ಜಾತ್ರೆ. ಅವತ್ತು ಜಾತ್ರೆ ಇಲ್ಲ, ಜನ ಇಲ್ಲ. ಸಮಾಧಿಯ ಮುಂದೆ ಕೂತೆ. ದೊಡ್ಡ ಅನುಭವ ಏನೂ ಆಗಲಿಲ್ಲ. ಆ ಹುಡುಗ "ಕಕ್ಕಯ್ಯನ ಪೈಕಿ" ಅಂದಾಗ ಅವನ ದನಿಯಲ್ಲಿದ್ದ ಸಣ್ಣ ಹೆಮ್ಮೆ ಮಾತ್ರ ನೆನಪಾಯ್ತು. ಅದನ್ನು ಹೇಳಿದರೆ ನಮ್ಮ ಮನೆಯಲ್ಲಿ ಬಾಗಿಲು ತೆರೆಯುತ್ತೆ ಅಂದುಕೊಂಡಿದ್ದನೇನೋ. ಅಪ್ಪನ ಕೊರಳಲ್ಲಿ ಲಿಂಗ ಕಂಡಿತ್ತಲ್ಲ.

ಹೊರಗೆ ಒಬ್ಬ ಅಜ್ಜಿ, "ಯಾ ಊರವ್ವಾ ನಿಂದು?" ಅಂದರು. ಬೆಳಗಾವಿ ಅಂದೆ. "ಊಟ ಆತೇನು?" ಅಂದರು. ಅಷ್ಟೇ ಕೇಳಿದ್ದು.

ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿ ತೆಗೆದು ನೋಡಿ. 'ಡೋರ್, ಕಕ್ಕಯ್ಯ, ಕಂಕಯ್ಯ' ಅಂತ ಒಂದೇ ನಮೂದು ಇದೆ. ಜಾತಿಯನ್ನೇ ದಾಟಲು ಹೊರಟ ಶರಣನ ಹೆಸರು ಜಾತಿ ಪ್ರಮಾಣಪತ್ರದ ಕಾಲಂ ತುಂಬಿಸ್ತಾ ಇದೆ. ಆ ಸಮಾಜದವರ ತಪ್ಪಲ್ಲ ಅದು. ಅವರು ಅವನ ಹೆಸರನ್ನು ಎಂಟುನೂರು ವರ್ಷ ಜೋಪಾನ ಮಾಡಿದ್ದಾರೆ. ಚಿತ್ಕಳೆಯ ಮಾತನ್ನು ಜೋಪಾನ ಮಾಡಿದ ನಾವು ಅವನನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿದೆವು.

ವಾಪಸ್ ಬಂದ ರಾತ್ರಿ ಅಪ್ಪನ ಮುಂದೆ ವಿವೇಕಾನಂದರ ಕಥೆ ತೆಗೆದೆ, ನೇರ ಹೇಳೋ ಧೈರ್ಯ ಇಲ್ಲದೆ. 1892ರ ಅಕ್ಟೋಬರಿನಲ್ಲಿ ಅವರು ಬೆಳಗಾವಿಗೆ ಬಂದು ವಕೀಲ ಭಾಟೆಯವರ ಮನೆಯಲ್ಲಿ ಇಳಿದಿದ್ದರು. ಆ ಮನೆ ಈಗಲೂ ರಿಸಾಲ್ದಾರ ಗಲ್ಲಿಯಲ್ಲಿದೆ. ಹಿಂದೂಗಳಲ್ಲದವರ ಮನೆಯಲ್ಲಿ ಉಣ್ತೀರಾ ಅಂತ ಕೇಳಿದಾಗ, ಮುಸಲ್ಮಾನರ ಮನೆಯಲ್ಲೂ ಎಷ್ಟೋ ಸಲ ಉಂಡಿದ್ದೇನೆ ಅಂದರಂತೆ. ಭಾಟೆಯವರ ಮಗ ಇದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ.

ಅಪ್ಪ ಕೇಳಿಸಿಕೊಂಡರು. "ಇವತ್ತು ಎಲ್ಲಿ ಹೋಗಿದ್ದಿ?"

"ಕಕ್ಕೇರಿಗೆ."

ಅಪ್ಪ ಟಿವಿಯ ದನಿ ಕಡಿಮೆ ಮಾಡಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನಿಮ್ಮ ಆಯಿ ಇದ್ದಿದ್ರ ನನ್ನ ಬೈತಿದ್ರು" ಅಂದು ಎದ್ದು ಮಲಗಲು ಹೋದರು. ನಾನು ಸುಮ್ಮನಿದ್ದದ್ದಕ್ಕೂ ಆಯಿ ಬೈತಿದ್ದರು. ಆ ಮಾತನ್ನು ನಾನು ಆಡಲಿಲ್ಲ.

ಅಪ್ಪನ ಫೋನಿನಿಂದ ನಂಬರ್ ತಗೊಂಡು ಆ ಹುಡುಗನಿಗೆ ಮೆಸೇಜ್ ಹಾಕಿದೆ. ಮನೆ ಇನ್ನೂ ಖಾಲಿ ಇದೆ, ಅವತ್ತು ನಾವು ಹೇಳಿದ್ದು ಸುಳ್ಳು, ತಪ್ಪಾಯ್ತು ಅಂತ. ಎರಡು ನೀಲಿ ಗೆರೆ ಬಿದ್ದವು. ಉತ್ತರ ಬಂದದ್ದು ಮರುದಿನ ಮಧ್ಯಾಹ್ನ: "ಬ್ಯಾರೆ ಕಡೆ ರೂಮ್ ಸಿಕ್ಕೈತ್ರಿ ಮೇಡಂ. ಗೊತ್ತಾಗಿತ್ತು. ಇರ್ಲಿ ಬಿಡ್ರಿ."

ಬೋರ್ಡಿನ ಮೇಲೆ ಅಪ್ಪನ ನಂಬರ್ ಅಳಿಸಿ ನಂದು ಬರೆದಿದ್ದೀನಿ. ಬೆಳಿಗ್ಗೆ ಹಾಲು ತರಲು ಹೋದಾಗ ಅಪ್ಪ ಅದನ್ನು ನೋಡಿದರು. ಸ್ವಲ್ಪ ಓರೆಯಾಗಿದ್ದ ಬೋರ್ಡನ್ನು ನೆಟ್ಟಗೆ ಮಾಡಿ ಒಳಗೆ ಬಂದರು.