ವೃದ್ಧಾಶ್ರಮದ ಹಿರಿಯರ ಆರೋಗ್ಯ ದಾಖಲೆ: ಗುಟ್ಟು ಕಾಯುವವರಾರು?

ಮುಪ್ಪಿನಲ್ಲಿ ಶರೀರವು ತನ್ನ ಗುಟ್ಟುಗಳನ್ನು ತಾನೇ ಕಾಯಲಾರದು. ಮೂತ್ರದ ಹಿಡಿತ ತಪ್ಪಿದುದು, ನೆನಪು ಮಸುಕಾದುದು, ಮನಸ್ಸಿನ ಖಿನ್ನತೆಗೆ ಮಾತ್ರೆ ನುಂಗುತ್ತಿರುವುದು ಪರರಿಗೆ ತಿಳಿಯಲೇಬೇಕಾಗುತ್ತದೆ. ಮನೆಯಲ್ಲಿ ಇವು ಹೆಂಡತಿಗೋ ಮಗಳಿಗೋ ಮಾತ್ರ ಗೊತ್ತಿರುವ ಸಂಗತಿಗಳು. ವೃದ್ಧಾಶ್ರಮದಲ್ಲಾದರೋ ವೈದ್ಯರು, ದಾದಿಯರು, ಆಯಾ, ಕಚೇರಿಯ ಗುಮಾಸ್ತರು, ಔಷಧದಂಗಡಿಯವರು ಎಲ್ಲರೂ ಅರಿಯುತ್ತಾರೆ. ಹಿಂದೆ ಈ ವಿವರಗಳು ಬೀರುವಿನೊಳಗಿನ ಕಡತದಲ್ಲಿರುತ್ತಿದ್ದವು. ಈಗ ಗಣಕಯಂತ್ರಕ್ಕೂ ಮೊಬೈಲಿಗೂ ಬಂದಿವೆ. ಮೊಬೈಲಿನಲ್ಲಿರುವ ವರದಿ ಕ್ಷಣಾರ್ಧದಲ್ಲಿ ನೂರು ಕೈ ಸೇರಬಲ್ಲದು.

ಹಾಗೆಂದು ವಿದ್ಯುನ್ಮಾನ ದಾಖಲೆಯ ಉಪಕಾರ ಸಣ್ಣದಲ್ಲ. ನಡುರಾತ್ರಿ ಎದೆನೋವೆಂದು ಆಸ್ಪತ್ರೆಗೆ ಕರೆದೊಯ್ದ ಹಿರಿಯರಿಗೆ ಯಾವ ಔಷಧ ಒಗ್ಗದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನಡೆದಿದೆಯೇ ಎಂಬುದು ಕೂಡಲೇ ತಿಳಿದರೆ ಜೀವ ಉಳಿದೀತು. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇಂತಹ ದಾಖಲೆಗಳನ್ನು 14 ಅಂಕಿಗಳ ‘ಆಭಾ’ ಸಂಖ್ಯೆಯ ಮೂಲಕ ಜೋಡಿಸುತ್ತದೆ. ಈ ಸಂಖ್ಯೆಯನ್ನು ಪಡೆಯುವುದು ಐಚ್ಛಿಕ. ದಾಖಲೆಗಳು ಒಂದೆಡೆ ರಾಶಿಯಾಗದೆ ಆಯಾ ಆಸ್ಪತ್ರೆಯಲ್ಲಿಯೇ ಉಳಿಯುತ್ತವೆ. ರೋಗಿ ಒಪ್ಪಿದರೆ ಮಾತ್ರ ಹಂಚಿಕೆ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂ ಬಹುದು.

ತೊಡಕಿರುವುದು ಈ ಒಪ್ಪಿಗೆಯಲ್ಲಿಯೇ. ಒಪ್ಪಿಗೆಯ ದಾರಿ ಮೊಬೈಲಿಗೆ ಬರುವ ಒಟಿಪಿ. ಸ್ವಂತ ಫೋನಿಲ್ಲದ ಹಿರಿಯರ ಹೆಸರಿನ ಮುಂದೆ ವ್ಯವಸ್ಥಾಪಕರ ಅಥವಾ ಮಗನ ಸಂಖ್ಯೆ ನಮೂದಾದರೆ, ಒಪ್ಪುವವರು ಹಿರಿಯರಲ್ಲ, ಫೋನು ಹಿಡಿದವರು. ಅಕ್ಕರೆಯಿಂದಲೇ ಆಗುವ ಅಪಚಾರವೂ ಉಂಟು. ‘ಅಜ್ಜಿಯ ರಕ್ತಪರೀಕ್ಷೆ ಬಂದಿದೆ’ ಎಂದು ವಾಟ್ಸಾಪ್ ಗುಂಪಿಗೆ ಚಿತ್ರ ಹಾಕಿದಾಗ, ದೂರದ ನೆಂಟರೂ ಅದನ್ನು ಓದುತ್ತಾರೆ. ಆಸ್ತಿಯ ತಕರಾರಿರುವ ಮನೆಯಲ್ಲಿ ‘ಮರೆವಿನ ಕಾಯಿಲೆ’ ಎಂಬ ಒಂದೇ ಸಾಲು ಉಯಿಲನ್ನು ಪ್ರಶ್ನಿಸುವ ಅಸ್ತ್ರವಾಗಬಲ್ಲದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ ಎಂಬತ್ತು ದಾಟಿತ್ತು. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017 ಮನೋರೋಗಿಯ ವಿವರಗಳ ಗೋಪ್ಯತೆಯನ್ನು ಹಕ್ಕಾಗಿಸಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 2023 ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. ಪ್ರಾಣಕ್ಕೆ ಅಪಾಯವಿರುವ ತುರ್ತಿನಲ್ಲಿ ಒಪ್ಪಿಗೆಗಾಗಿ ಕಾಯಬೇಕಿಲ್ಲವೆಂದೂ ಅದೇ ಕಾಯಿದೆ ಹೇಳುತ್ತದೆ. ಗೋಪ್ಯತೆಯು ಚಿಕಿತ್ಸೆಗೆ ಅಡ್ಡಿಯೆಂಬ ಆತಂಕಕ್ಕೆ ಇದೇ ಉತ್ತರ.

ಭದ್ರತೆಯೆಂದರೆ ಬಾಯಿ ಬಿಗಿಹಿಡಿಯುವುದಷ್ಟೇ ಅಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಜಾಲದ ಮೇಲೆ ಸೈಬರ್ ದಾಳಿ ನಡೆದು, ಅನೇಕ ದಿನ ಅಲ್ಲಿನ ಕೆಲಸಗಳು ಕೈಬರಹದಲ್ಲಿಯೇ ಸಾಗಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ಈ ಪಾಡಾದರೆ, ಒಂದೇ ಗಣಕಯಂತ್ರವಿರುವ ಆಶ್ರಮವು ಇನ್ನಷ್ಟು ಎಚ್ಚರದಿಂದಿರಬೇಕು.

ಆಶ್ರಮಗಳು ಹೆಚ್ಚು ವೆಚ್ಚವಿಲ್ಲದೆ ಮಾಡಬಹುದಾದ ಕೆಲಸಗಳು ಹಲವಿವೆ. ಪ್ರತಿಯೊಬ್ಬ ಸಿಬ್ಬಂದಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಅದನ್ನು ಗೋಡೆಯ ಮೇಲೆ ಅಂಟಿಸದಿರಲಿ. ಕೆಲಸ ಬಿಟ್ಟವರ ಪ್ರವೇಶವನ್ನು ಅಂದೇ ರದ್ದುಗೊಳಿಸಲಿ. ಅಡುಗೆಯವರಿಗೆ ಪಥ್ಯದ ವಿವರ ಸಾಕು, ರೋಗದ ಇತಿಹಾಸ ಬೇಡ. ದಾಖಲೆಗಳ ಪ್ರತಿಯೊಂದನ್ನು ಪ್ರತ್ಯೇಕವಾಗಿ ಭದ್ರಪಡಿಸಲಿ. ವರದಿಗಳನ್ನು ಗುಂಪಿಗೆ ಹಾಕದೆ, ಹಿರಿಯರು ಹೆಸರಿಸಿದವರಿಗೆ ಮಾತ್ರ ಕಳುಹಿಸಲಿ.

ಮಕ್ಕಳೂ ಒಂದು ಮಾತನ್ನು ಮನಗಾಣಬೇಕು. ಆಶ್ರಮದ ಶುಲ್ಕವನ್ನು ಕಟ್ಟಿದ ಮಾತ್ರಕ್ಕೆ ತಂದೆತಾಯಿಗಳ ದೇಹದ ಗುಟ್ಟು ತಮ್ಮ ಸೊತ್ತಾಗದು. ನೆನಪು ಚೆನ್ನಾಗಿರುವಾಗಲೇ ಅವರ ಬಳಿ ಕುಳಿತು, ‘ನಿಮ್ಮ ವಿಷಯ ಯಾರಿಗೆ ತಿಳಿಸಬೇಕು, ಯಾರಿಗೆ ಬೇಡ?’ ಎಂದು ಕೇಳಿ ಬರೆದಿಡಬೇಕು. ಮುಂದೆ ಮರೆವು ಆವರಿಸಿದಾಗ ಆ ಬರಹವೇ ಅವರ ಪರವಾಗಿ ಮಾತನಾಡುತ್ತದೆ. ಉಣಿಸುವಾಗಲೂ ಮೀಯಿಸುವಾಗಲೂ ಪರರ ಕೈಯನ್ನು ನೆಚ್ಚಬೇಕಾದ ಜೀವಕ್ಕೆ ತನ್ನದೆಂದು ಉಳಿಯುವುದು ಮಾನವೊಂದೇ. ಅದನ್ನು ಕಾಯುವುದೂ ಶುಶ್ರೂಷೆಯೇ.