ಹೊಸ ಮನೆಗೆ ಗ್ಯಾಸ್ ಬಂದ್ ಆಗುತ್ತಾ? ಫಾರ್ವರ್ಡ್ ಮಾಡುವ ಮುಂಚೆ ಓದಿ

"ಇನ್ಮೇಲೆ ಹೊಸ ಮನೆ ಕಟ್ಟಿದರೆ ಗ್ಯಾಸ್ ಕನೆಕ್ಷನ್ ಕೊಡಲ್ಲ, ಕರೆಂಟ್ ಒಲೆ ಮಾತ್ರ. ವಿದೇಶದಲ್ಲಿ ಶುರುವಾಗಿದೆ, ನಮ್ಮಲ್ಲೂ ಬರುತ್ತೆ." ಇಂಥದ್ದೊಂದು ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಕವಿತಾಳದಲ್ಲೋ ಮಾನ್ವಿಯಲ್ಲೋ ಸಾಲ ಮಾಡಿ ಮನೆ ಕಟ್ಟುತ್ತಿರುವವರು ಇದನ್ನು ಓದಿದರೆ ಗಾಬರಿ ಆಗುವುದು ಸಹಜ. ಮೊದಲೇ ಹೇಳಿಬಿಡುತ್ತೇವೆ: ಹೊಸ ಮನೆಯಲ್ಲಿ ಅಡುಗೆ ಗ್ಯಾಸ್ ಬಳಸಬಾರದು ಎಂಬ ನಿಯಮ ಕರ್ನಾಟಕದಲ್ಲಿ ಇಲ್ಲ.

ಆದರೆ ಮೆಸೇಜಿನ ಅರ್ಧ ಭಾಗ ಪೂರ್ತಿ ಸುಳ್ಳೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್‌ಲಿ ನಗರ 2019ರಲ್ಲಿ ಹೊಸ ಕಟ್ಟಡಗಳಿಗೆ ಗ್ಯಾಸ್ ಪೈಪ್ ಹಾಕುವಂತಿಲ್ಲ ಎಂದು ನಿಯಮ ಮಾಡಿತು. ಹಳೆ ಮನೆಗಳ ಒಲೆಯನ್ನು ಯಾರೂ ಮುಟ್ಟಲಿಲ್ಲ. ಹೋಟೆಲ್ ಮಾಲೀಕರ ಸಂಘ ಕೋರ್ಟಿಗೆ ಹೋಯಿತು, 2023ರಲ್ಲಿ ಮೇಲ್ಮನವಿ ಕೋರ್ಟ್ ಸಂಘದ ಪರವಾಗಿ ತೀರ್ಪು ಕೊಟ್ಟಿತು, 2024ರಲ್ಲಿ ನಗರ ಆ ನಿಯಮವನ್ನೇ ವಾಪಸ್ ಪಡೆಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್ ಎಂಬ ಊರು 2019ರಲ್ಲೇ ಇಂಥ ಬೈಲಾ ಪಾಸ್ ಮಾಡಿತ್ತು, ಮರುವರ್ಷ ಅಲ್ಲಿನ ಅಟಾರ್ನಿ ಜನರಲ್ ಅದನ್ನು ತಳ್ಳಿಹಾಕಿದರು. ನ್ಯೂಯಾರ್ಕ್ ನಗರ 2021ರಲ್ಲಿ ಬೇರೆ ರೂಪದಲ್ಲಿ ಅದೇ ದಾರಿ ಹಿಡಿಯಿತು. ಅಂದರೆ ಅಲ್ಲೂ ಜಗಳ ಮುಗಿದಿಲ್ಲ.

ಅವರ ವಾದ ಇಷ್ಟು: ಒಂದು ಸಲ ಕಟ್ಟಿದ ಮನೆ ಐವತ್ತು ವರ್ಷ ನಿಲ್ಲುತ್ತದೆ. ಕಟ್ಟುವಾಗಲೇ ಗ್ಯಾಸ್ ಬೇಡ ಅಂದರೆ ಐವತ್ತು ವರ್ಷದ ಹೊಗೆ ತಪ್ಪುತ್ತದೆ. ವಾದ ಕೇಳಲು ಸರಿ. ಆದರೆ ಗ್ಯಾಸ್ ಬಿಟ್ಟು ಕರೆಂಟ್ ಹಿಡಿದರೆ ಆ ಕರೆಂಟ್ ಎಲ್ಲಿಂದ ಬರುತ್ತದೆ? ರಾಯಚೂರು ಜಿಲ್ಲೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಶಕ್ತಿನಗರದ ಚಿಮಣಿ, ನಿಮ್ಮ ಮನೆಯ ಗೀಸರ್

ಶಕ್ತಿನಗರದ ಆರ್‌ಟಿಪಿಎಸ್‌ನ ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಅಲ್ಲಿ ಎಂಟು ಘಟಕ, ಒಟ್ಟು 1720 ಮೆಗಾವ್ಯಾಟ್. ಯರಮರಸ್‌ನಲ್ಲಿ ಇನ್ನೂ 1600 ಮೆಗಾವ್ಯಾಟ್. ಎರಡೂ ನಡೆಯುವುದು ಕಲ್ಲಿದ್ದಲಿನಿಂದ. ಕಲ್ಲಿದ್ದಲು ಸುಟ್ಟಾಗ ಬರುವ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮಾತ್ರ ಕರೆಂಟ್ ಆಗುತ್ತದೆ, ಉಳಿದದ್ದು ಗಾಳಿಗೂ ನೀರಿಗೂ ಹೋಗುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು.

ಈಗ ಒಂದು ಬಕೆಟ್ ಲೆಕ್ಕ ಹಾಕೋಣ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು ಅರ್ಧ ಯೂನಿಟ್ ಸಾಕು. ಐದು ಜನರ ಜಳಕ ಅಂದರೆ ದಿನಕ್ಕೆ 2.3 ಯೂನಿಟ್. ಅದು ಪೂರ್ತಿ ಕಲ್ಲಿದ್ದಲಿನ ಕರೆಂಟ್ ಆದರೆ ಒಂದು ಮನೆಯ ಜಳಕಕ್ಕೆ ದಿನಾ ಒಂದೂವರೆ ಕಿಲೋಗೂ ಹೆಚ್ಚು ಕಲ್ಲಿದ್ದಲು. ನಿಮ್ಮ ಬಚ್ಚಲಲ್ಲಿ ಹೊಗೆ ಕಾಣಲ್ಲ, ಅಷ್ಟೇ. ಬೂದಿ ಶಕ್ತಿನಗರದವರ ಪಾಲಿಗೆ.

ಅದೇ ಬಕೆಟ್ ನೀರನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿದರೆ ಸುಮಾರು 50 ಗ್ರಾಂ ಗ್ಯಾಸ್ ಹೋಗುತ್ತದೆ, 160 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಕಲ್ಲಿದ್ದಲಿನ ಕರೆಂಟಿನಲ್ಲಿ ಕಾಯಿಸಿದರೆ ಅದರ ಮೂರು ಪಟ್ಟು. ದೇಶದ ಎಲ್ಲಾ ಬಗೆಯ ಕರೆಂಟ್ ಸೇರಿಸಿ ಸರಾಸರಿ ತೆಗೆದರೂ ಎರಡು ಪಟ್ಟು. ಆದ್ದರಿಂದ "ಗ್ಯಾಸ್ ಕೊಳಕು, ಕರೆಂಟ್ ಶುದ್ಧ" ಎಂಬ ಮಾತು ಸದ್ಯಕ್ಕೆ ಇಲ್ಲಿ ನಿಲ್ಲುವುದಿಲ್ಲ. ಮುಂದೆ ಬದಲಾಗಬಹುದು. ಪಾವಗಡದಂಥ ಸೋಲಾರ್ ಪಾರ್ಕ್‌ಗಳ ಕರೆಂಟ್ ಮಧ್ಯಾಹ್ನ ಸಾಕಷ್ಟು ಬರುತ್ತದೆ. ಆದರೆ ನಾವು ಗೀಸರ್ ಹಾಕುವುದು ಬೆಳಗಿನ ಆರಕ್ಕೆ, ಸೂರ್ಯ ಆಗಿನ್ನೂ ಕಣ್ಣು ಬಿಡುವ ಹೊತ್ತು.

ಅಡುಗೆಯ ಮಾತಿಗೆ ಬಂದರೆ ಇನ್ನೊಂದು ಸಂಗತಿ ಇದೆ. ನಮ್ಮ ಕಡೆ ಗ್ಯಾಸ್ ಬಂದು ಓಡಿಸಿದ್ದು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳಿನ ಹೊಗೆಯನ್ನು. ಮನೆಯೊಳಗಿನ ಒಲೆ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಜನ ಅವಧಿಗೆ ಮುಂಚೆ ಸಾಯುತ್ತಾರೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚು ಹೊಗೆ ಕುಡಿಯುವವರು ಹೆಂಗಸರು, ಸಣ್ಣ ಮಕ್ಕಳು. ಸಿಲಿಂಡರ್ ತುಂಬಿಸಲು ದುಡ್ಡು ಸಾಲದೆ ಇವತ್ತಿಗೂ ಅರ್ಧ ಅಡುಗೆ ಕಟ್ಟಿಗೆಯಲ್ಲೇ ಮಾಡುವ ಮನೆಗಳಿವೆ. ಇಂಥ ಕಡೆ ಗ್ಯಾಸಿಗೆ ನಿಷೇಧ ಹಾಕಿದರೆ ಜನ ಇಂಡಕ್ಷನ್‌ಗಿಂತ ಮೊದಲು ಹಿತ್ತಲ ಒಲೆಗೆ ಹೋಗುತ್ತಾರೆ. ನಮ್ಮ ಪ್ರಕಾರ ಅಂಥ ಬೈಲಾ ಈ ಜಿಲ್ಲೆಗೆ ಹೊಂದುವುದಿಲ್ಲ.

ಹೊಂದುವ ನಿಯಮ ಆಗಲೇ ಇದೆ

ಫಾರ್ವರ್ಡ್ ಮೆಸೇಜುಗಳು ಹೇಳದ ವಿಷಯ ಇದು. 2007ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಆಸ್ಪತ್ರೆ, ಹೋಟೆಲ್ ಮುಂತಾದವುಗಳ ಜೊತೆಗೆ ಮನೆಗಳಿಗೂ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಎಂದು ಆದೇಶ ಮಾಡಿತು. ಬೆಂಗಳೂರು ಮೊದಲಾದ ನಗರಗಳಲ್ಲಿ 1200 ಚದರಡಿ ಅಥವಾ ಹೆಚ್ಚಿನ ನಿವೇಶನದಲ್ಲಿ 600 ಚದರಡಿ ಅಥವಾ ಹೆಚ್ಚಿನ ಹೊಸ ಮನೆ ಕಟ್ಟಿದರೆ, ಹೀಟರ್ ಕೂರಿಸದೆ ಕರೆಂಟ್ ಕನೆಕ್ಷನ್ ಇಲ್ಲ ಎಂಬ ಷರತ್ತು ಬಂತು. ಹಾಕಿಸಿಕೊಂಡವರಿಗೆ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ಬಿಲ್ಲಿನಲ್ಲಿ ರಿಯಾಯಿತಿಯನ್ನೂ ಕೊಟ್ಟರು. ಇಸ್ರೇಲ್ 1980ರಲ್ಲೇ ಇಂಥ ಕಾನೂನು ಮಾಡಿತ್ತು. ಗ್ಯಾಸ್ ಒಲೆಗೆ ಕೈ ಹಾಕದೆ ಹೊಸ ಕಟ್ಟಡದಲ್ಲಿ ಕಲ್ಲಿದ್ದಲು ಉಳಿಸುವ ನಿಯಮ ಇದು.

"ಬಿಸಿಲ ನಾಡಿಗೆ ಬಿಸಿನೀರು ಯಾಕೆ ಬೇಕು?" ಅಂತ ನಗುವವರಿದ್ದಾರೆ. ಏಪ್ರಿಲ್‌ನಲ್ಲಿ ಮಾಳಿಗೆಯ ಸಿಂಟೆಕ್ಸ್ ನೀರೇ ಕೈ ಸುಡುತ್ತದೆ, ಅದು ಹೌದು. ಡಿಸೆಂಬರ್ ಬೆಳಗ್ಗೆ ಬಾಣಂತಿ, ಕೂಸು, ವಯಸ್ಸಾದವರು ಇರುವ ಮನೆಯಲ್ಲಿ ಆ ಮಾತು ನಡೆಯಲ್ಲ. ಮೋಡ ಮುಸುಕಿದ ಒಂದು ದಿನವನ್ನು ಹೀಟರ್ ತಡೆದುಕೊಳ್ಳುತ್ತದೆ, ಏಕೆಂದರೆ ಟ್ಯಾಂಕಿನ ಸುತ್ತ ಶಾಖ ಹಿಡಿದಿಡುವ ಪದರ ಇರುತ್ತದೆ. ಜಡಿಮಳೆ ಮೂರು ದಿನ ಹಿಡಿದರೆ ಬೇರೆ ವ್ಯವಸ್ಥೆ ಬೇಕೇ ಬೇಕು.

"ಗೃಹಜ್ಯೋತಿ ಇದೆಯಲ್ಲ, ಕರೆಂಟ್ ಪುಕ್ಕಟೆ, ಗೀಸರ್ ಹಾಕಿದರಾಯಿತು" ಅನ್ನುವವರು ಇಲ್ಲಿ ಸ್ವಲ್ಪ ನಿಲ್ಲಿ. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಲ್ಲ. 2023ರಲ್ಲಿ ಯೋಜನೆ ಬಂದಾಗ ಹಿಂದಿನ ವರ್ಷದ ಸರಾಸರಿ ಬಳಕೆ ನೋಡಿ ಮಿತಿ ಹಾಕಿದರು. ಹೊಸ ಮನೆಗೆ ಹಿಂದಿನ ಲೆಕ್ಕ ಎಲ್ಲಿಂದ ಬರಬೇಕು? ಹಾಗಾಗಿ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ 10 ಸೇರಿಸಿ 58 ಯೂನಿಟ್ ಎಂದು ಗೊತ್ತು ಮಾಡಿದರು. ಐದು ಜನರ ಚಳಿಗಾಲದ ಜಳಕ ಒಂದೇ ತಿಂಗಳಿಗೆ 70 ಯೂನಿಟ್ ತಿನ್ನುತ್ತದೆ. ಫ್ಯಾನು, ಲೈಟು, ಫ್ರಿಜ್ ಇನ್ನೂ ಶುರುವೇ ಆಗಿಲ್ಲ.

ನಿಯಮದ ವಿರುದ್ಧ ಇರುವ ತಕರಾರುಗಳಲ್ಲೂ ಹುರುಳಿದೆ. ದುಡ್ಡು ಒಟ್ಟಿಗೆ, ಅದೂ ಮನೆ ಕಟ್ಟಿ ಕೈ ಖಾಲಿ ಆದ ಹೊತ್ತಿಗೆ ಕೊಡಬೇಕು. ಬಾಡಿಗೆಗೆ ಕಟ್ಟುವ ಮಾಲೀಕನಿಗೆ ಉಳಿತಾಯದಲ್ಲಿ ಪಾಲಿಲ್ಲ. ಇನ್ನು ಬೋರ್‌ವೆಲ್‌ನ ಗಡಸು ನೀರು. ಒಳಗೆ ಸುಣ್ಣ ಕಟ್ಟಿಕೊಂಡರೆ ಎರಡು-ಮೂರು ವರ್ಷಕ್ಕೇ ನೀರು ಕಾಯುವುದು ಕಡಿಮೆಯಾಗುತ್ತದೆ. ಕನೆಕ್ಷನ್‌ಗೋಸ್ಕರ ಕೂರಿಸಿ ಆಮೇಲೆ ಕೈಬಿಟ್ಟ ಹೀಟರಿನಿಂದ ಒಂದು ಹಿಡಿ ಕಲ್ಲಿದ್ದಲೂ ಉಳಿಯುವುದಿಲ್ಲ. ತಾಮ್ರದ ಸಣ್ಣ ಕೊಳವೆ ಇರುವ ಚಪ್ಪಟೆ ಮಾದರಿಗಿಂತ ಗಾಜಿನ ಕೊಳವೆಯ ಮಾದರಿ ಗಡಸು ನೀರಿಗೆ ವಾಸಿ. ಅದನ್ನೂ ಆಗಾಗ ತೊಳೆಸಬೇಕು.

ಈಗಲೇ ಮನೆ ಕಟ್ಟುತ್ತಿದ್ದೀರಾ? ನಿಮ್ಮ ನಿವೇಶನದ ಅಳತೆಗೆ ಸೋಲಾರ್ ಷರತ್ತು ಬರುತ್ತದಾ ಎಂದು ನಕ್ಷೆ ಮಂಜೂರಿಗೆ ಹೋದಾಗಲೇ ಪಟ್ಟಣ ಪಂಚಾಯಿತಿಯಲ್ಲೂ ಜೆಸ್ಕಾಂ ಸೆಕ್ಷನ್ ಆಫೀಸಿನಲ್ಲೂ ಕೇಳಿಕೊಳ್ಳಿ. ಹೀಟರ್ ಆಮೇಲೆ ಕೊಂಡರೂ ನಡೆಯುತ್ತದೆ, ಆದರೆ ಮಾಳಿಗೆಯಿಂದ ಬಚ್ಚಲಿಗೆ ಬಿಸಿನೀರಿನ ಪೈಪನ್ನು ಗಿಲಾವ್ ಮಾಡುವ ಮುಂಚೆಯೇ ಹಾಕಿಸಿ, ದೂರ ಕಡಿಮೆ ಇರಲಿ. ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು. ತಣ್ಣೀರಿನ ಟ್ಯಾಂಕ್ ಹೀಟರಿಗಿಂತ ಎತ್ತರದಲ್ಲಿ ಕೂರಬೇಕು, ಇಲ್ಲದಿದ್ದರೆ ಅದಕ್ಕೆ ನೀರೇ ಏರುವುದಿಲ್ಲ. ಮೇಸ್ತ್ರಿಗೆ ಇದನ್ನು ಟ್ಯಾಂಕಿನ ಕಟ್ಟೆ ಕಟ್ಟುವ ಮೊದಲೇ ಹೇಳಿ.