ಆಲಿವ್ ಎಣ್ಣೆಯೂ ಹೃದಯದ ಆರೋಗ್ಯವೂ

ಪಟ್ಟಣದ ಅಂಗಡಿಗಳಲ್ಲಿ ಮಾರಾಟವಾಗುವ ಆಲಿವ್ ಎಣ್ಣೆಯು ಹೃದಯಕ್ಕೆ ಹಿತಕರವೆಂಬ ಮಾತು ಈಗ ಹಳ್ಳಿಗಳಿಗೂ ಮುಟ್ಟಿರುವುದು. ಇದರ ಬೆಲೆಯು ನಮ್ಮ ಎಣ್ಣೆಗಳ ಬೆಲೆಗಿಂತ ಬಹಳ ಹೆಚ್ಚು. ಆದುದರಿಂದ ಆ ಗುಣವು ಎಣ್ಣೆಯ ಯಾವ ಅಂಶದಲ್ಲಿದೆ, ಯಾವ ಬಗೆಯ ಎಣ್ಣೆಯಲ್ಲಿ ಅದು ಉಳಿದಿರುತ್ತದೆ ಎಂಬುದನ್ನು ಹಣ ತೆರುವುದಕ್ಕೆ ಮುಂಚೆ ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಲೇಸು.

ಆಲಿವ್ ಮರವು ಸ್ಪೇನ್, ಇಟಲಿ, ಗ್ರೀಸ್ ಮೊದಲಾದ ಮೆಡಿಟರೇನಿಯನ್ ತೀರದ ದೇಶಗಳ ಮುಖ್ಯ ಬೆಳೆ. ಕಡಲೆಕಾಯಿ, ಕುಸುಬೆಗಳ ಎಣ್ಣೆಯು ಬೀಜದಿಂದ ಬರತಕ್ಕದ್ದು. ಆಲಿವಿನದಾದರೋ ಬಹುಪಾಲು ಹಣ್ಣಿನ ತಿರುಳಿನಿಂದ ಬರುವುದು. ಅದರ ಕೊಬ್ಬಿನ ಆಮ್ಲಗಳಲ್ಲಿ ನೂರಕ್ಕೆ 55ರಿಂದ 83 ಭಾಗ ಓಲಿಯಿಕ್ ಆಮ್ಲವಿರುವುದು. ಬೆಣ್ಣೆ, ವನಸ್ಪತಿಗಳಿಗೆ ಬದಲಾಗಿ ಇಂಥ ಎಣ್ಣೆಯನ್ನು ಬಳಸಿದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲು ತಗ್ಗುವುದು. ಆದರೆ ಈ ಆಮ್ಲವು ಆಲಿವಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಕಡಲೆಕಾಯಿ ಎಣ್ಣೆಯಲ್ಲಿಯೂ ಸುಮಾರು ಅರ್ಧ ಪಾಲು ಉಂಟು.

ಆಲಿವಿನ ವಿಶೇಷವಿರುವುದು ಪಾಲಿಫಿನಾಲುಗಳೆಂಬ ಅತ್ಯಲ್ಪ ಪ್ರಮಾಣದ ವಸ್ತುಗಳಲ್ಲಿ. ಎಣ್ಣೆಯ ಕಹಿಗೂ ಗಂಟಲಿಗೆ ತಾಗುವ ಖಾರಕ್ಕೂ ಇವೇ ಕಾರಣ. ಕೆಟ್ಟ ಕೊಲೆಸ್ಟರಾಲು ಆಮ್ಲಜನಕದ ಸಂಯೋಗದಿಂದ ವಿಕಾರ ಹೊಂದಿದಾಗ ರಕ್ತನಾಳದ ಗೋಡೆಯಲ್ಲಿ ಶೇಖರವಾಗಿ ನಾಳವನ್ನು ಕಿರಿದುಗೊಳಿಸುವುದು. ಹೈಡ್ರಾಕ್ಸಿಟೈರೊಸಾಲ್ ಎಂಬ ಪಾಲಿಫಿನಾಲು ಈ ವಿಕಾರವನ್ನು ತಡೆಯುವುದು. ಯೂರೋಪಿನಲ್ಲಿ 200 ಮಂದಿ ಆರೋಗ್ಯವಂತ ಪುರುಷರಿಗೆ ದಿನಕ್ಕೆ 25 ಮಿಲಿಲೀಟರಿನಂತೆ ಮೂರು ಬಗೆಯ ಆಲಿವ್ ಎಣ್ಣೆಯನ್ನು ಸರದಿಯಾಗಿ ಕೊಟ್ಟು ನಡೆಸಿದ ಪರೀಕ್ಷೆಯ ಫಲವು 2006ರಲ್ಲಿ ಪ್ರಕಟವಾಯಿತು. ಪಾಲಿಫಿನಾಲು ಹೆಚ್ಚಿದ್ದಷ್ಟೂ ಈ ವಿಕಾರವು ಕಡಮೆಯಾಯಿತು. ಒಳ್ಳೆಯ ಕೊಲೆಸ್ಟರಾಲು ಏರಿತು. 20 ಗ್ರಾಂ ಎಣ್ಣೆಯಲ್ಲಿ ಹೈಡ್ರಾಕ್ಸಿಟೈರೊಸಾಲ್ ಮತ್ತು ಅದರ ಸಂಬಂಧದ ವಸ್ತುಗಳು 5 ಮಿಲಿಗ್ರಾಮಿಗೆ ಕಡಮೆಯಿಲ್ಲದಿದ್ದರೆ ಮಾತ್ರ ಈ ಗುಣವನ್ನು ಸೀಸೆಯ ಮೇಲೆ ಬರೆಯಬಹುದೆಂದು 2012ರಲ್ಲಿ ಯೂರೋಪಿನ ಒಕ್ಕೂಟವು ವಿಧಿಸಿತು.

ಹಣ್ಣು ಇನ್ನೂ ಹಸುರಾಗಿರುವಾಗಲೇ ಕೊಯ್ದು, ತಡಮಾಡದೆ, ಹೆಚ್ಚು ಕಾಯಿಸದೆ ತೆಗೆದ ಎಣ್ಣೆಯಲ್ಲಿ ಪಾಲಿಫಿನಾಲು ವಿಶೇಷವಾಗಿರುವುದು. ಶುದ್ಧೀಕರಣದ ಕಾರ್ಖಾನೆಯಲ್ಲಿ ಕಹಿಯೊಡನೆ ಅದೂ ಬಹುಮಟ್ಟಿಗೆ ಹೋಗಿಬಿಡುವುದು. ಓಲಿಯಿಕ್ ಆಮ್ಲವು ಮಾತ್ರ ಉಳಿಯುವುದು. ‘ಲೈಟ್’, ‘ಪೊಮೇಸ್’ ಎಂಬ ಹೆಸರಿನವು ಇಂಥವೇ.

ಆದುದರಿಂದ ಕೊಳ್ಳತಕ್ಕವರು ‘ಎಕ್ಸ್‌ಟ್ರಾ ವರ್ಜಿನ್’ ಎಂಬ ಗುರುತನ್ನೂ ಕೊಯ್ಲಿನ ಅಥವಾ ತುಂಬಿದ ತಾರೀಖನ್ನೂ ನೋಡಿ, ಕಪ್ಪುಗಾಜಿನ ಸೀಸೆಯಲ್ಲಿರುವುದನ್ನು ಆರಿಸಿ, ಬೆಳಕಿಗೂ ಒಲೆಗೂ ದೂರವಾಗಿಡತಕ್ಕದ್ದು. ಯಾವ ಎಣ್ಣೆಯೇ ಆಗಲಿ, ಗ್ರಾಮಿಗೆ 9 ಕ್ಯಾಲೊರಿ ಕೊಡುವುದು. ಇರುವ ಜಿಡ್ಡಿಗೆ ಬದಲಾಗಿ ಬಳಸಬೇಕೇ ಹೊರತು ಅದರ ಮೇಲೆ ಸೇರಿಸಬಾರದು. ಇದು ಆಹಾರವೇ ವಿನಾ ಔಷಧವಲ್ಲ. ಹೃದ್ರೋಗವಿರುವವರು ಇದನ್ನು ನಂಬಿ ವೈದ್ಯರು ಕೊಟ್ಟ ಔಷಧವನ್ನು ಬಿಡದಂತೆ ಗ್ರಾಮದ ಹಿರಿಯರು ತಿಳಿಯಹೇಳುವುದು ಅವಶ್ಯಕ.